ಎಡಗೈಯಲ್ಲಿ ಕೊಟ್ಟ ನೀರು

ಮತ್ತೆ ಬಂದಿದ್ದರು. ಈ ಸಲ ಬೆಂಗಳೂರು ಕಡೆಯ ಇಬ್ಬರು, ಒಬ್ಬ ಹುಡುಗ, ಒಬ್ಬಳು ಹುಡುಗಿ. ಚೂಡಾ ತಿಂದು ಚಹಾ ಕುಡಿದು, ಬಂದವರೆಲ್ಲ ಕೇಳುವುದನ್ನೇ ಕೇಳಿದರು. ನಮ್ಮ ಮನೆಯವರು ಕೈಯಿಂದ ಬರೆದ ಆ ಪುಟ್ಟ ಸಿನೆಮಾದಲ್ಲಿ ಆಕಾಶ, ನೀರು, ಗೋಡೆ, ಎಲ್ಲದರ ಮೇಲೂ ಒಂದು ನಸುನೀಲಿ ಹರಡಿದೆಯಲ್ಲ, ಅದು ಅವರಿಗೆ ಹೇಗೆ ಹೊಳೆಯಿತು?

ಹೊಳೆಯಲಿಲ್ಲ. ಅವು ಎಕ್ಸ್‌ರೇ ಹಾಳೆಗಳು. ಪಕ್ಕದ ಮನೆಯ ಚಾಚಾ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಬೇಡವಾದ ಹಾಳೆಗಳನ್ನು ಚೀಲದಲ್ಲಿ ತುಂಬಿ ತಂದುಕೊಡುತ್ತಿದ್ದರು. ನಾನು ಹಿತ್ತಲಲ್ಲಿ ಕೂತು ಸೋಡಾ ಹಾಕಿದ ಬಿಸಿನೀರಲ್ಲಿ ಯಾರದೋ ಮುರಿದ ಎಲುಬು, ಯಾರದೋ ಕೆಮ್ಮಿನ ಎದೆ ತಿಕ್ಕಿ ತೊಳೆಯುತ್ತಿದ್ದೆ. ಕಪ್ಪೆಲ್ಲ ಬಿಟ್ಟರೂ ಹಾಳೆಯ ಮೈಯೊಳಗಿನ ನೀಲಿ ಬಿಡುತ್ತಿರಲಿಲ್ಲ. ಮುಂಬೈಯಿಂದ ತರಿಸುವ ಚೊಕ್ಕ ಹಾಳೆ ನಮ್ಮ ಕೈಗೆ ಎಟಕುತ್ತಿರಲಿಲ್ಲ, ಇಷ್ಟೇ ಸಂಗತಿ. ಇದನ್ನು ಹೇಳಿದರೆ ಬಂದವರ ಮುಖ ಸಪ್ಪಗಾಗುತ್ತದೆ. ಅದಕ್ಕೆ ಈಚೀಚೆಗೆ "ಅವರಿಗೆ ನೀಲಿ ಅಂದರೆ ಇಷ್ಟ" ಅಂದುಬಿಡುತ್ತೇನೆ.

ಆದರೆ ಆ ಹುಡುಗಿ ಇನ್ನೊಂದು ಮಾತು ಕೇಳಿದಳು. "ಕೊನೆಯಲ್ಲಿ ಸೊಸೆ ಎಡಗೈಯಲ್ಲಿ ನೀರು ಕೊಡ್ತಾಳಲ್ಲಮ್ಮ, ಎಂಥ ದಿಟ್ಟತನ! ಆ ಕಾಲದಲ್ಲೇ ಎಡ, ಬಲ ಅನ್ನೋ ಮೂಢನಂಬಿಕೆಯನ್ನ ಮುರೀಬೇಕು ಅಂತ ಅವರಿಗೆ ಅನ್ನಿಸಿತ್ತಾ?"

ನಾನು ಚಹಾದ ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದೆ. ಆ ಎಡಗೈ ಮುರಿದದ್ದು ನಮ್ಮ ಅವ್ವನ ಮೊಣಕಾಲನ್ನು, ಬೇರೇನನ್ನೂ ಅಲ್ಲ. ಅದನ್ನು ಹುಡುಗರ ಮುಂದೆ ಹೇಳಲು ಮನಸ್ಸಾಗಲಿಲ್ಲ. ಇಲ್ಲಿ ಬರೆದಿಡುತ್ತೇನೆ, ಓದುವವರು ಓದಲಿ.

ಈಗ ವಿಜಯಪುರ ಅನ್ನುವ ಊರು ಆಗ ವಿಜಾಪುರ. ಎಪ್ಪತ್ತರ ದಶಕದ ನಡುವಿನ ವರ್ಷಗಳು ಅವು. ನಮ್ಮ ಮನೆಯವರು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು, ಹುಟ್ಟಿದ ಊರು ತಿಕೋಟಾ. ನನ್ನ ತವರು ಬಬಲೇಶ್ವರ. ಜುಮ್ಮಾ ಮಸೀದಿಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ನಮ್ಮದು. ಅವರು ಎಡಚರು. ಚಿಕ್ಕವರಿದ್ದಾಗ ಸಾಲಿಯಲ್ಲಿ ಎಷ್ಟು ಬಡಿದರೂ ಬರೆಯುವ ಕೈ ಬದಲಾಗಲಿಲ್ಲವಂತೆ. ಉಣ್ಣುವುದು, ಕೊಡುವುದು, ತೆಗೆದುಕೊಳ್ಳುವುದು ಬಲಗೈಯಲ್ಲಿ, ಅಷ್ಟನ್ನು ಅವರ ಅವ್ವ ಹೇಗೋ ಕಲಿಸಿದ್ದರು. ಪೆನ್ಸಿಲ್ಲು, ಕುಂಚ ಮಾತ್ರ ಎಡಗೈಯಲ್ಲೇ ಉಳಿದವು.

ಬಬಲೇಶ್ವರದ ನಮ್ಮ ಅವ್ವನಿಗೆ ಬೇಸಿಗೆ ಬಂತೆಂದರೆ ನಾರು ಹುಣ್ಣು. ಈಗಿನವರಿಗೆ ಅದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮೆಟ್ಟಿಲ ಬಾವಿಯ ನೀರಿನ ಜೊತೆ ಕಣ್ಣಿಗೆ ಕಾಣದ ಹುಳ ಹೊಟ್ಟೆ ಸೇರಿ, ವರ್ಷ ತುಂಬುವ ಹೊತ್ತಿಗೆ ಮೈಯೊಳಗೆ ಉದ್ದ ದಾರದಂತೆ ಬೆಳೆದು, ಕಾಲಿನ ಚರ್ಮ ಒಡೆದುಕೊಂಡು ಹೊರಗೆ ಬರುತ್ತದೆ. ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಒಳಗೇ ಕೀವಾಗಿ ಕಾಲು ಬಾತುಕೊಳ್ಳುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರೆ ಮುಗಿಯಿತು, ಬರುವುದೇ ಇಲ್ಲ. ಇಷ್ಟು ಸಣ್ಣ ಕೆಲಸವನ್ನು ಅವ್ವ ಮಾಡುತ್ತಿರಲಿಲ್ಲ.

"ನೀರಂದ್ರ ಗಂಗವ್ವ. ಆಕಿ ಮಾರಿಗಿ ಯಾರರ ಅರಿಬಿ ಹಾಕ್ತಾರೇನು? ಸತ್ತವರ ಮಾರಿಗಿ ಹಾಕ್ತಾರ," ಅನ್ನುತ್ತಿದ್ದಳು. "ನಮ್ಮತ್ತಿ ಸೋಸಲಿಲ್ಲ, ಆಕಿ ಅತ್ತಿ ಸೋಸಲಿಲ್ಲ. ನಾರು ಹಣೇಬರದಾಗ ಇದ್ರ ಬರತೈತಿ, ಇಲ್ಲಾಂದ್ರ ಇಲ್ಲ."

ತವರಿನಲ್ಲಿ ಆಕೆಯದೇ ಕಾರಭಾರ. ಅಣ್ಣ ಎದುರಾಡುವವನಲ್ಲ, ಅಣ್ಣನ ಹೆಂಡತಿ ವೈನಿಗೆ ಬಾಯಿ ತೆರೆಯುವ ಹಕ್ಕೇ ಇರಲಿಲ್ಲ. ನಾನು ಹೇಳಿ ಹೇಳಿ ಸೋತಿದ್ದೆ. ಹೋದಾಗೊಮ್ಮೆ ಒಂದು ಜಗಳ, ಬರುವಾಗ ಒಂದು ಅಳು, ಹೀಗೇ ನಡೆದಿತ್ತು.

ಹೀಗಿದ್ದಾಗ ಕೊಲ್ಹಾಪುರದಲ್ಲಿ ಕ್ಯಾಮರಾ ಕೆಲಸ ಮಾಡುತ್ತಿದ್ದ ನಮ್ಮ ಮನೆಯವರ ಹಳೆಯ ಸ್ನೇಹಿತರೊಬ್ಬರು ಮನೆಗೆ ಬಂದರು. ಹಳ್ಳಿಗಳಲ್ಲಿ ಸರಕಾರದ ವ್ಯಾನಿನವರು ತೋರಿಸಲು ನಾರು ಹುಣ್ಣಿನ ಮೇಲೆ ಒಂದು ಚಿತ್ರ ಬೇಕಾಗಿದೆ, ನೀನು ಬರೆದುಕೊಡು, ನಾನು ಒಂದೊಂದೇ ಹಾಳೆ ಇಟ್ಟು ಹಿಡಿಯುತ್ತೇನೆ ಎಂದರು. ಗಡಿಯ ಮೇಲಿನ ಕನಮಡಿಯ ಆಚೆಯ ಮರಾಠಿ ಹಳ್ಳಿಗಳಿಗೂ ಅದೇ ಚಿತ್ರ ಹೋಗಬೇಕು, ಹಾಗಾಗಿ ಅದರಲ್ಲಿ ಮಾತು ಇರಕೂಡದು, ಬರೀ ವಾದ್ಯ. ನಮ್ಮ ಮನೆಯವರು ಹಿಂದೆಮುಂದೆ ನೋಡಿದರು. ಹೂಂ ಅನ್ನಿಸಿದವಳು ನಾನು. ಮಗಳ ಮಾತು ಕೇಳದ ಅವ್ವ ಅಳಿಯ ಬರೆದದ್ದನ್ನು ನೋಡಿಯಾದರೂ ಕೇಳಿಯಾಳು ಅನ್ನುವುದೊಂದೇ ಆಸೆ. ಊರೆಲ್ಲ ಸೋಸಲಿ ಬಿಡಲಿ, ನನಗೆ ಬೇಕಾದವಳು ಅವಳೊಬ್ಬಳು.

ಕಥೆ ಸರಳ. ಒಂದೇ ಮನೆಯಲ್ಲಿ ಇಬ್ಬರು ಸೊಸೆಯರು. ಹಸಿರು ಸೀರೆಯ ಹಿರಿಯಳು ಬಾವಿಯ ನೀರನ್ನು ಹಾಗೇ ಕೊಡುತ್ತಾಳೆ, ಕೆಂಪು ಸೀರೆಯ ಕಿರಿಯಳು ಸೋಸಿ ಕೊಡುತ್ತಾಳೆ. ಹಿರಿಯಳ ಗಂಡನ ಕಾಲಿಗೆ ನಾರು ಬರುತ್ತದೆ, ಕಿರಿಯಳ ಗಂಡ ಗಟ್ಟಿಮುಟ್ಟಾಗಿ ಹೊಲದಲ್ಲಿ ರಂಟೆ ಹೊಡೆಯುತ್ತಾನೆ. ಕಡೆಗೆ ಇಬ್ಬರೂ ತಮ್ಮ ತಮ್ಮ ಗಂಡಂದಿರಿಗೆ ತಂಬಿಗೆಯಲ್ಲಿ ನೀರು ಕೊಡುತ್ತಾರೆ. ನೋಡಿದವರು ಯಾರ ಹಾದಿ ಹಿಡಿಯಬೇಕೆಂದು ತಾವೇ ತಿಳಿದುಕೊಳ್ಳಬೇಕು.

ಅವರು ಒಂದು ಚಲನೆಯ ಮೊದಲನೆಯ ಚಿತ್ರ ಮತ್ತು ಕೊನೆಯ ಚಿತ್ರ ಬರೆಯುತ್ತಿದ್ದರು. ಕೊಡ ನೆಲದ ಮೇಲಿದ್ದದ್ದು ಒಂದು, ತಲೆಯ ಮೇಲೆ ಕೂತದ್ದು ಒಂದು. ನಡುವೆ ಅದು ಮೇಲೇರುವುದೆಲ್ಲ ನನ್ನ ಪಾಲು. ನಡುವಿನದನ್ನೆಲ್ಲ ಹೆಂಗಸಿಗೆ ಬಿಡುವುದು ಮನೆಗಳಲ್ಲಿ ಮೊದಲಿನಿಂದ ಇದ್ದದ್ದೇ, ಸಿನೆಮಾಕ್ಕೆಂದು ಹೊಸದಾಗಿ ಬಂದದ್ದಲ್ಲ. ಟೇಬಲ್ಲಿನ ನಡುವೆ ಹಲಗೆ ಕೊರೆದು ಗಾಜು ಕೂರಿಸಿ, ಕೆಳಗೆ ಬಲ್ಬು ಹಚ್ಚಿದ್ದರು. ಹಾಳೆ ಜರುಗದಂತೆ ಎರಡು ಮೊಳೆಗೆ ಸಿಕ್ಕಿಸುವುದು. ಮೊದಲು ತೆಳು ಕಾಗದದ ಮೇಲೆ ಪೆನ್ಸಿಲ್ಲು, ಅದರ ಮೇಲೆ ತೊಳೆದ ಎಕ್ಸ್‌ರೇ ಹಾಳೆ ಇಟ್ಟು ಮಸಿಯ ಗೆರೆ, ಒಣಗಿದ ಮೇಲೆ ಹಿಂಬದಿಯಿಂದ ಬಣ್ಣ. ಬೇಸಿಗೆಯಲ್ಲಿ ಬಲ್ಬಿನ ಕಾವು ನೇರ ಮುಖಕ್ಕೆ ಹೊಡೆಯುತ್ತಿತ್ತು. ಬೆವರ ಹನಿ ಬಿದ್ದರೆ ಆ ಹಾಳೆ ಕೆಟ್ಟಿತು, ಕರೆಂಟು ಹೋದರೆ ಆ ದಿನ ಕೆಟ್ಟಿತು. ವಾರವಿಡೀ ಕೂತು ಬರೆದದ್ದನ್ನು ಎಣಿಸಿ ನೋಡಿದರೆ ತೆರೆಯ ಮೇಲೆ ಒಂದು ಕೊಡ ಎತ್ತಿ ಇಡುವಷ್ಟು ಹೊತ್ತಿನದು. ಕಣ್ಣು ಉರಿಯುತ್ತಿತ್ತು, ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು, ಮೇಲೆ ರೊಟ್ಟಿ ಬಡಿಯುವುದಂತೂ ತಪ್ಪುತ್ತಿರಲಿಲ್ಲ. ಕಲೆ, ಸಾಧನೆ ಎಂದು ಈಗ ಬಂದವರು ಅಂದಾಗ ನನಗೆ ನೆನಪಾಗುವುದು ಆ ಕುತ್ತಿಗೆ ನೋವು.

ಹಿರಿಯ ಸೊಸೆಗೆ ನಾನು ಕೊಟ್ಟದ್ದು ಅವ್ವನ ನಡಿಗೆ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು, ಮೆಟ್ಟಿಲಿಗೊಮ್ಮೆ ನಿಂತು, ಉಸಿರು ಬಿಟ್ಟು, ಮತ್ತೆ ಏರುವ ನಡಿಗೆ. ಬೇಕೆಂತಲೇ ಹಾಗೆ ಬರೆದೆ. ಅವ್ವ ತೆರೆಯ ಮೇಲೆ ತನ್ನನ್ನೇ ಕಂಡು ಗಾಬರಿಯಾಗಲಿ ಎಂಬ ಲೆಕ್ಕ ನನ್ನದು. ತಾನೊಂದು ಬಗೆದರೆ ದೈವವೊಂದು ಬಗೆಯಿತು ಅನ್ನುತ್ತಾರಲ್ಲ, ಹಾಗಾಯಿತು.

ಕೆಲಸ ಮುಗಿಯುತ್ತ ಬಂದಾಗ ಬಬಲೇಶ್ವರದಿಂದ ಅಣ್ಣ ಬಂದ. ಅವ್ವನ ಪಾದದಲ್ಲಿ ಮತ್ತೆ ನಾರು ಕಂಡಿತ್ತು, ನೆಲಕ್ಕೆ ಕಾಲೂರಲು ಆಗುತ್ತಿರಲಿಲ್ಲ. ಚಿತ್ರದಲ್ಲಿ ಉಳಿದದ್ದು ಕಡೆಯ ಒಂದು ಭಾಗ, ಸೊಸೆಯರು ಗಂಡಂದಿರಿಗೆ ನೀರು ಕೊಡುವುದು. ಅದರಲ್ಲೂ ಹಿರಿಯಳದು ಬರೆದಾಗಿತ್ತು. ಕಿರಿಯಳದನ್ನು ನೀವೇ ಮುಗಿಸಿರಿ ಎಂದು ಹೇಳಿ ನಾನು ಬಸ್ಸು ಹತ್ತಿದೆ. ಅಲ್ಲಿ ಕೂತು ದಿನಾ ಬೆಳಿಗ್ಗೆ ಆ ಬಿಳಿ ದಾರವನ್ನು ಕಡ್ಡಿಗೆ ಒಂದೊಂದು ಸುತ್ತು ಸುತ್ತುವುದು, ಅವ್ವ ಹಲ್ಲು ಕಚ್ಚಿ ಗೋಡೆ ನೋಡುವುದು. ಆ ಸಲ ಹರಿಯದೆ ಪೂರ್ತಿ ಬಂತು. ನಾನು ವಿಜಾಪುರಕ್ಕೆ ಮರಳುವ ಹೊತ್ತಿಗೆ ಹಾಳೆಗಳ ಗಂಟು ಕೊಲ್ಹಾಪುರಕ್ಕೆ ಹೋಗಿತ್ತು. "ಮುಗೀತು ನೋಡ," ಎಂದರು ಅವರು, ಮುಖದ ತುಂಬ ನಗು.

ಮರುವರ್ಷ ಬೇಸಿಗೆ ಶುರುವಾಗುವಾಗ ಚಿತ್ರ ಬಂತು. ಮೊದಲು ತೋರಿಸಿದ್ದು ತಿಕೋಟಾದಲ್ಲಿ, ಸಾಲಿಯ ಬಯಲಿನಲ್ಲಿ. ಅವರ ಊರಿನವರೆಲ್ಲ ಸೇರಿದ್ದರು. ಹುಳ ಕಂಡು ಮಕ್ಕಳು ಕಿರುಚಿದವು, ರಂಟೆ ಕಂಡು ಗಂಡಸರು ಸೈ ಅಂದರು. ಕಡೆಯ ಭಾಗ ಬಂತು. ಹಿರಿಯಳು ಬಲಗೈಯಲ್ಲಿ ತಂಬಿಗೆ ಕೊಟ್ಟಳು. ನೀರು ಸೋಸಿದ ಕಿರಿಯಳು ಎಡಗೈ ಚಾಚಿ ಕೊಟ್ಟಳು. ಬಯಲು ಗೊಳ್ಳೆಂದು ನಕ್ಕಿತು.

"ನೋಡ್ರಲೇ, ನಮ್ಮ ಎಡಚ ತನ್ನ ಕೈನ ಆಕಿಗಿ ಕೊಟ್ಟಾನ!" ಎಂದ ಅವರ ಜೊತೆಗೆ ಆಡಿ ಬೆಳೆದ ಒಬ್ಬ. ಅವರೂ ಎಲ್ಲರ ಜೊತೆ ನಕ್ಕರು.

"ಇದೇನ್ರಿ ಇದು?" ಎಂದೆ ಜನ ಕರಗಿದ ಮೇಲೆ. "ಸೋಸಿದಾಕಿ ಎಡಗೈಲೆ ಕೊಡ್ತಾಳ?"

"ಕೊಲ್ಹಾಪುರದಿಂದ ಅವಸರ ಮಾಡಿದ್ರು. ಅದಕ್ಕ ನೀ ಬರದಿಟ್ಟ ಹಿರ್ಯಾಕಿ ಹಾಳಿನ ಮಗಚಿ ಹಾಕಿ, ಮ್ಯಾಲೆ ಗೆರಿ ಎಳದೆ, ಸೀರಿ ಬಣ್ಣ ಬದಲ ಮಾಡಿದೆ. ಇಬ್ರೂ ಎದುರಾಬದುರಾ ಬಂದ್ರು, ಚಂದ ಕಂಡಿತು."

"ಮಗಚಿದ್ರ ಬಲಗೈ ಎಡಗೈ ಆಗಿದ್ದು ಕಾಣಲಿಲ್ಲೇನ್ರಿ ನಿಮಗ?"

ಅವರು ತಮ್ಮ ಎಡಗೈಯನ್ನು ಒಮ್ಮೆ ನೋಡಿಕೊಂಡರು. ಅವರ ಮಟ್ಟಿಗೆ ಕೆಲಸ ಮಾಡುವ ಕೈ ಅದೇ. ಅದು ತಪ್ಪು ಕೈ ಎಂದು ಕಣ್ಣಿಗೆ ಹೊಡೆಯುವುದಾದರೂ ಹೇಗೆ? ಇದನ್ನು ಈಗ ಬರೆಯುತ್ತಿದ್ದೇನೆ. ಆ ಸಂಜೆ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟು ತಿಳಿವಳಿಕೆಯದಾಗಿರಲಿಲ್ಲ. ನಮ್ಮಲ್ಲಿ ಎಡಗೈಯಲ್ಲಿ ಕೊಟ್ಟ ನೀರನ್ನು ಕುಡಿಯುವುದಿಲ್ಲ. ಹಾಗೆ ಕೊಟ್ಟವರು ಕೇಡು ಬಯಸುತ್ತಾರೆ ಎಂದೇ ಅರ್ಥ. ಮತ್ತು ವ್ಯಾನು ಮುಂದೆ ಹೋಗುವುದು ಬಬಲೇಶ್ವರಕ್ಕೆ.

ನಾನು ಅದಕ್ಕಿಂತ ಮೊದಲೇ ತವರು ಮುಟ್ಟಿದೆ. ಅವ್ವ ಓಣಿಗೆಲ್ಲ ಹೇಳಿಬಿಟ್ಟಿದ್ದಳು, ನಮ್ಮ ಅಳ್ಯಾ ಸಿನೆಮಾ ತೆಗದಾರ ಎಂದು. ಇದ್ದದ್ದರಲ್ಲಿ ಒಳ್ಳೆಯ ಇಲಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕೂತಳು. "ಬೇ ಯವ್ವ, ಕಡೀಕ ಒಂದ ತಪ್ಪ ಆಗೈತಿ, ಅದನ್ನ ಮನಸಿಗಿ ಹಚ್ಚಿಕೋಬ್ಯಾಡ," ಎಂದೆ. "ಸುಮ್ಮ ಕುಂದ್ರ," ಎಂದಳು. ಪರದೆಯ ಮೇಲೆ ಹಸಿರು ಸೀರೆಯವಳು ಮೆಟ್ಟಿಲು ಏರತೊಡಗಿದಾಗ ಅವ್ವ ನನ್ನ ತೊಡೆ ಚಿವುಟಿ, "ಏ ಹುಡುಗಿ, ಇಕಿ ನನ್ನಂಗ ನಡೀತಾಳಲ್ಲ!" ಎಂದು ಮಗುವಿನಂತೆ ಖುಷಿಪಟ್ಟಳು. ಆಮೇಲೆ ಆ ಎಡಗೈ ಬಂತು. ಇಲ್ಲಿ ಯಾರೂ ನಗಲಿಲ್ಲ. ಹೆಂಗಸರ ಗುಂಪಿನಿಂದ "ಅಯ್ಯ ಶಿವನ" ಎಂದು ಒಂದು ದನಿ ಎದ್ದಿತು, ಅಷ್ಟೆ.

ಅವ್ವ ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ನೋಡಿದ್ರಿಲ್ಲ? ಸೋಸಿದಾಕಿ ಎಡಗೈಲೆ ಕೊಟ್ಳು. ನನ್ನಂಥಾಕಿ ಬಲಗೈಲೆ ಕೊಟ್ಳು."

"ಆ ಬಲಗೈಯಾಕಿ ಗಂಡಗ ನಾರು ಬಂತಲ್ಲ ಬೇ?" ಎಂದೆ ನಾನು.

"ಬರಲಾರದ ಏನ ಮಾಡೀತು? ಆ ಕಿರ್ಯಾಕಿ ನೆಗೆಣ್ಣಿ ಅರಿಬ್ಯಾಗ ಏನೇನರ ಕಟ್ಟಿ ಮಾಟಾ ಮಾಡ್ಯಾಳ. ಕಾಣಸಲಿಲ್ಲೇನು ನಿನಗ?"

"ಮಾಟಾ ಅಲ್ಲ ಬೇ, ಅದು ಅವರ ತಪ್ಪು! ಹಾಳಿ ತಿರುವಿ ಬರದಾರ!"

ಅವ್ವನ ಮುಖ ಕೆಂಪಾಯಿತು. "ಗಂಡನ ತಪ್ಪ ಊರ ಮುಂದ ಆಡಿ ತೋರಸ್ತೀಯೇನು? ನಾಚಿಕಿ ಬ್ಯಾಡಾ? ಓದಿದಂಥಾ ಅಳ್ಯಾ. ಸುಮ್ಮಸುಮ್ಮನ ಬರೀತಾರೇನು ಅವರು?"

ಇಷ್ಟು ದಿನ ಬರೀ ಹಠವಿತ್ತು. ಈಗ ಹಠಕ್ಕೆ ಅಳಿಯನ ಆಧಾರ ಸಿಕ್ಕಿತು. ಅಳಿಯನನ್ನು ನಂಬಿ ಸೋಸಲಿ ಎಂದು ನಾನು ಬಯಸಿದ್ದೆ, ಅಳಿಯನನ್ನು ನಂಬಿಯೇ ಸೋಸದೆ ಉಳಿದಳು. ನಗಬೇಕೋ ಅಳಬೇಕೋ ತಿಳಿಯದೆ ನಾನು ವಿಜಾಪುರಕ್ಕೆ ಬಂದೆ.

ಉಪಾಯ ಒಂದೇ ಇತ್ತು, ಅವರೇ ಹೋಗಿ ಹೇಳಬೇಕು. ಅಳಿಯನ ಬಾಯಿಂದ ಬಂದರೆ ಅವ್ವ ನಂಬುತ್ತಿದ್ದಳು. ಆದರೆ ನಮ್ಮ ಅವ್ವ ಅಳಿಯನ ಎದುರಿಗೆ ಬರುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಅವರು ಪಡಸಾಲೆಯಲ್ಲಿದ್ದರೆ ಅವಳು ಅಡಿಗೆಮನೆಯ ಬಾಗಿಲ ಮರೆಯಲ್ಲಿ. ನಮ್ಮ ಮದುವೆಯಾದಾಗಿನಿಂದ ಒಂದು ಮಾತು ನೇರವಾಗಿ ಆಡಿದ್ದಿಲ್ಲ. "ಅತ್ತಿಗಿ ಹೋಗಿ ನಾ ತಪ್ಪ ಮಾಡೇನಿ ಅಂತ ಹೆಂಗ ಹೇಳ್ಲಿ?" ಎಂದರು. ನಾಳೆ ಹೋಗುತ್ತೇನೆ, ರವಿವಾರ ಹೋಗುತ್ತೇನೆ, ಪರೀಕ್ಷೆ ಮುಗಿಯಲಿ ಎಂದು ದಿನ ತಳ್ಳಿದರು. ಬದಲಿಗೆ ಮತ್ತೆ ಗಾಜಿನ ಟೇಬಲ್ಲಿಗೆ ಕೂತರು. ಕಿರಿಯಳ ಆ ಭಾಗವನ್ನು ಮೊದಲಿನಿಂದ, ಬಲಗೈ ಹಚ್ಚಿ, ಒಂದೊಂದೇ ಹಾಳೆ ಬರೆಯತೊಡಗಿದರು. ಕೊಲ್ಹಾಪುರದವರು ಪ್ರತಿಗಳೆಲ್ಲ ಊರೂರಿಗೆ ಹೋಗಿವೆ, ಇನ್ನು ತಿದ್ದಲು ಆಗದು ಎಂದು ಹೇಳಿಕಳಿಸಿದ ಮೇಲೂ ಬರೆದರು. ಬಿಡುವಿಲ್ಲದೆ ಬರೆದರು. ನಡುವಿನ ಚಿತ್ರಗಳನ್ನು ನಾನು ಬರೆಯುವುದಿಲ್ಲ ಎಂದೆ. ಅವನ್ನೂ ಅವರೇ ಬರೆದುಕೊಂಡರು.

ಚಾಚಾ ಒಂದು ಮಧ್ಯಾಹ್ನ ಬಂದು ನೋಡಿ, "ಮಾಸ್ತರ್ ಸಾಹೇಬರ, ಭಾಳ ಚೊಲೋ ಬಂದೈತಿ. ಆದ್ರ ಯಾರಿಗಿ ತೋರಸ್ತೀರಿ ಇದನ್ನ? ಬಬಲೇಶ್ವರದ ಬಸ್ಸು ತಾಸಿಗೊಂದ ಐತಲ್ರೀ," ಎಂದರು. ಅವರು ಕುಂಚ ತೊಳೆಯುತ್ತ ಕೂತರು. ಒಂದು ಮಾತು ಹೇಳಿ ಬರುವುದಕ್ಕಿಂತ ನೂರಾರು ಹಾಳೆ ಬರೆಯುವುದು ಅವರಿಗೆ ಹಗುರವಾಗಿತ್ತು. ಕೆಟ್ಟವರಲ್ಲ, ಮೈಗಳ್ಳರಂತೂ ಅಲ್ಲವೇ ಅಲ್ಲ. ಎಷ್ಟೋ ಗಂಡಸರು ಹೀಗೇ ಇರುತ್ತಾರೆ ಎಂದು ಈಗ ತೋರುತ್ತದೆ. ಆಗ ಮಾತ್ರ ಕೂಗಾಡಿದೆ, ಮಾತು ಬಿಟ್ಟೆ, ಮತ್ತೆ ಮಾತಾಡಿದೆ, ಮತ್ತೆ ಕೂಗಾಡಿದೆ. ಆ ಬೇಸಿಗೆಯೆಲ್ಲ ಅವ್ವ ಆ ಬಾವಿಯ ನೀರನ್ನು ಹಾಗೇ ಕುಡಿದಳು.

ವರ್ಷ ತಿರುಗಿತು. ಈ ಸಲ ನಾರು ಕಂಡದ್ದು ಪಾದದಲ್ಲಲ್ಲ, ಮೊಣಕಾಲಿನಲ್ಲಿ. ನಾನು ಹೋಗುವ ಹೊತ್ತಿಗೆ ಹರಿದುಹೋಗಿತ್ತು. ಮೊಣಕಾಲು ಬಾತು, ಕೀವಾಗಿ, ಜ್ವರ ಬಂದು, ಕಡೆಗೆ ಚಾಚಾ ಇದ್ದ ದವಾಖಾನೆಗೇ ತಂದು ಮಲಗಿಸಿದೆವು. ಜೀವ ಉಳಿಯಿತು. ಕಾಲು ಒನಕೆಯಂತೆ ನೆಟ್ಟಗಾಗಿ ಹಾಗೇ ನಿಂತಿತು. ಇನ್ನು ಮಡಚುವುದಿಲ್ಲ ಎಂದರು ಡಾಕ್ಟರು. ಅವ್ವ ಅಳಲಿಲ್ಲ. "ಬಾವಿ ಹೆಂಗ ಇಳೀಲಿ?" ಎಂದು ಒಂದೇ ಸಲ ಕೇಳಿದಳು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅವ್ವನನ್ನು ಬಬಲೇಶ್ವರಕ್ಕೆ ಮುಟ್ಟಿಸಿದ ವಾರ ಅವರು ನನ್ನ ಜೊತೆ ಬಸ್ಸು ಹತ್ತಿದರು. ಮನೆ ಮುಟ್ಟಿದವರೇ ಚಪ್ಪಲಿ ಬಿಟ್ಟು, ಕೂಡ್ರಿ ಎಂದರೂ ಕೂಡ್ರದೆ, ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರು. ಅವ್ವ ಒಳಗೆ ಬಾಗಿಲ ಮರೆಯಲ್ಲಿ ಕಾಲು ಚಾಚಿ ಕೂತಿದ್ದಳು. ಅವರು ಕದಕ್ಕೆ ತಲೆ ತಗ್ಗಿಸಿ ಹೇಳಿದರು:

"ಅತ್ತೀ, ತಪ್ಪ ನಂದು. ಸೋಸಿದಾಕಿ ಬಲಗೈಲೆ ಕೊಡಬೇಕಾಗಿತ್ತು. ನಾ ಹಾಳಿ ಮಗಚಿ ಬರದೆ. ಮಾಟಾ ಗೀಟಾ ಏನೂ ಇಲ್ರಿ ಅದರಾಗ. ನೀರ ಸೋಸಿ ಕುಡೀರಿ."

ಒಳಗಿನಿಂದ ಅವ್ವ ವೈನಿಗೆ ಹೇಳಿದಂತೆ ಮಾಡಿ ಹೇಳಿದಳು, "ಅಳ್ಯಾರಿಗಿ ಕೈಕಾಲಿಗಿ ನೀರ ಕೊಡು. ಉಣ್ಣಾಕ ನೀಡು."

ಮರುದಿನ ಬೆಳಿಗ್ಗೆ ವೈನಿ ಬಾವಿಯಿಂದ ಬಂದಳು. ಅವ್ವ ಹಳೆಯ ಧೋತರ ತರಿಸಿ, ನಾಲ್ಕು ಮಡಿಕೆ ಮಾಡಿ, ನೀರಿನ ಹರವಿಯ ಬಾಯಿಗೆ ತಾನೇ ಕಟ್ಟಿದಳು. "ಸುರವು," ಎಂದಳು. ವೈನಿ ನನ್ನ ಮುಖ ನೋಡುತ್ತ ಸುರಿದಳು. ನನಗೆ ಅಳು ತಡೆಯಲಾಗಲಿಲ್ಲ.

"ಈಗರ ನಂಬಿದೇನು ಯವ್ವ?"

"ನಿನ್ನ ಹುಳಾನೂ ನಂಬಿಲ್ಲ, ನಿನ್ನ ಸಿನೆಮಾನೂ ನಂಬಿಲ್ಲ," ಎಂದಳು ಗಂಟು ಬಿಗಿಯುತ್ತ. "ಅಳ್ಯಾ ನನ್ನ ಬಾಗಲದಾಗ ನಿಂತು ತಲಿ ತಗ್ಗಿಸ್ಯಾರ. ಇನ್ನೊಮ್ಮಿ ತಗ್ಗಸಬಾರದು, ಅದಕ್ಕ."

ಆಮೇಲೆ ಆ ಮನೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯಲಿಲ್ಲ. ಹುಳ ಮೈಯಿಂದ ಪೂರಾ ಹೋಗಲು ಬೇಕಾದ ಕಾಲ ಕಳೆದ ಮೇಲೆ ಯಾರಿಗೂ ನಾರು ಬರಲೂ ಇಲ್ಲ. ವರ್ಷಗಟ್ಟಲೆ ಹೇಳಿದ ಮಗಳು ಮಾಡಲಾಗದ್ದನ್ನು, ಕಣ್ಣು ಉರಿಸಿಕೊಂಡು ಬರೆದ ಹಾಳೆಗಳು ಮಾಡಲಾಗದ್ದನ್ನು, ತಲೆ ತಗ್ಗಿಸಿ ಆಡಿದ ಒಂದು ಮಾತು ಮಾಡಿತು. ಸಂತೋಷಪಡಬೇಕಾಗಿತ್ತು ನಾನು. ಅವ್ವ ಆ ನೆಟ್ಟನೆಯ ಕಾಲನ್ನು ಕೈಯಲ್ಲಿ ಎತ್ತಿ ಆಚೆ ಸರಿಸಿಕೊಳ್ಳುವುದನ್ನು ನೋಡಿದ ಮೇಲೆ ಆಗಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಅಂದದ್ದನ್ನು ಅವರಿಗೆ ಹೇಳಿದೆ. ವಿಜಾಪುರ ಇನ್ನೇನು ಬಂತು ಅನ್ನುವಾಗ ನನ್ನ ಕಡೆ ತಿರುಗಿದರು.

"ಹ್ವಾದ ವರ್ಷನ ಬಂದು ಇದ ಮಾತ ಹೇಳಿದ್ರ, ಅತ್ತಿ ಕಾಲ ಉಳೀತಿತ್ತೇನು?"

ಇಲ್ಲ ಎಂಬ ಮಾತಿಗೆ ಅವರು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು.

"ಹೌದ್ರಿ, ಉಳೀತಿತ್ತು," ಎಂದೆ. ಸಮಾಧಾನದ ಮಾತು ಹುಡುಕುವಷ್ಟು ತ್ರಾಣ ಆ ದಿನ ನನ್ನಲ್ಲಿ ಇರಲಿಲ್ಲ.